ಬೈಂದೂರಿನಿಂದ ಬಂದ ಅಮೇರಿಕದ ಕೋವಿ

ಕೋವಿ ತರಲು ಹೋದ ದಿನ ಏನೇನು ಕೆಡಬಹುದಿತ್ತು ಎಂಬುದು ನನಗೆ ಮುಂಚೆಯೇ ಬಾಯಿಪಾಠವಾಗಿತ್ತು. ಕೋವಿ ಬಸ್ಸಿನೊಳಗೆ ತನ್ನಷ್ಟಕ್ಕೆ ಸಿಡಿದು, ಡ್ರೈವರನ ತಲೆಯ ಮೇಲಿನ ಗಣಪತಿ ಪಟ ಚೂರಾಗಬಹುದಿತ್ತು. ಗಣಪತಿ ಉಳಿದು ಡ್ರೈವರನೇ ಹೋಗಬಹುದಿತ್ತು. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ; ಸಮುದ್ರದ ಬದಿಯಲ್ಲಿ ಕೋವಿ ಹಿಡಿದು ತಿರುಗುವ ನನ್ನನ್ನು ಅವರ ಗೂಢಚಾರನೆಂದು ಪೊಲೀಸರು ಹಿಡಿಯಬಹುದಿತ್ತು. ಹೊಳೆ ದಾಟುವಾಗ ದೋಣಿ ಮಗುಚಬಹುದಿತ್ತು; ನನಗೆ ಈಜು ಬರುವುದಿಲ್ಲ, ಕೋವಿಗೂ ಬರುವುದಿಲ್ಲ. ಕೋವಿ ಕೊಡುತ್ತೇನೆಂದ ಬೈಂದೂರಿನ ಶೆಟ್ಟರು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಬಹುದಿತ್ತು. ಶೆಟ್ಟರು ಕೊಟ್ಟ ಮೇಲೆ ನನ್ನ ಹೆಂಡತಿ ಮನಸ್ಸು ಬದಲಾಯಿಸಬಹುದಿತ್ತು. ಅಮೇರಿಕ ಸರಕಾರಕ್ಕೆ ಹೇಗೋ ಸುದ್ದಿ ಮುಟ್ಟಿ, "ನಮ್ಮ ಕೋವಿ ನಮಗೆ ಕೊಡಿ, ಇಲ್ಲದಿದ್ದರೆ ಗೋಧಿ ಕಳಿಸುವುದಿಲ್ಲ" ಎಂದು ಅವರು ದೆಹಲಿಗೆ ತಂತಿ ಹೊಡೆದು, ನನ್ನೊಬ್ಬನ ದೆಸೆಯಿಂದ ಇಡೀ ದೇಶ ಉಪವಾಸ ಬೀಳಬಹುದಿತ್ತು!

ಇವುಗಳಲ್ಲಿ ಒಂದೂ ಆಗಲಿಲ್ಲ.

ನಾನು ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ ಕಂಪೆನಿಯ ಏಜೆಂಟ. ಸಣ್ಣ ಕಿಟಕಿಯೊಂದರ ಹಿಂದೆ ಕೂತು ಬೇರೆಯವರನ್ನು ಊರೂರಿಗೆ ಕಳಿಸುವುದು ನನ್ನ ಉದ್ಯೋಗ. ಸ್ವತಃ ನಾನು ಕಂಡ ಲೋಕ ಉತ್ತರಕ್ಕೆ ಬೈಂದೂರಿನಲ್ಲಿ ಮುಗಿಯುತ್ತದೆ, ದಕ್ಷಿಣಕ್ಕೆ ಬ್ರಹ್ಮಾವರದಲ್ಲಿ. ಬಸ್ಸು ಹೊರಟುಹೋದ ಮೇಲೂ ಅದರ ಟೈರು ನೆನಪಾಗಿ ನನಗೆ ಊಟ ಸೇರುವುದಿಲ್ಲ. ಹೆಸರಿನ ಕೊನೆಗೆ ಐತಾಳ ಎಂದಿದೆ, ಅಂದರೆ ಬ್ರಾಹ್ಮಣ. ಮನೆಯ ಬೋನಿಗೆ ಇಲಿ ಬಿದ್ದರೆ, ಬೋನನ್ನು ಹೊತ್ತುಕೊಂಡು ಹೋಗಿ ಇಲಿಯನ್ನು ಗದ್ದೆಯಲ್ಲಿ ಬಿಟ್ಟು, ಅದಕ್ಕೆ ದಾರಿ ಸಿಕ್ಕಿತೋ ಇಲ್ಲವೋ ಎಂದು ನಿಂತು ನೋಡಿ ಬರುವ ಜನ ನಾವು. ಇಂಥ ನನಗೆ ಹಿಡಿದದ್ದು ಕೋವಿಯ ಹುಚ್ಚು! ಅದೂ ಹೋಗಿ ಹೋಗಿ, ನೂರು ವರ್ಷ ಹಿಂದಿನ ಅಮೇರಿಕದ ಸೈನ್ಯದ ಕೋವಿಯ ಹುಚ್ಚು.

ತಪ್ಪು ಒಂದು ಪತ್ರಿಕೆಯದು. ಮದ್ರಾಸಿನಿಂದ ಯಾರಿಗೋ ಪುಕ್ಕಟೆಯಾಗಿ ಬರುತ್ತಿದ್ದ ಅಮೇರಿಕದ ಬಣ್ಣದ ಪತ್ರಿಕೆ, ಆ ಯಾರೋ ಒಯ್ಯದೆ, ನನ್ನ ಕಿಟಕಿಯ ಬುಡದಲ್ಲಿ ರಾಶಿ ಬೀಳುತ್ತಿತ್ತು. ಬಸ್ಸಿಲ್ಲದ ಹೊತ್ತಿನಲ್ಲಿ ಓದುತ್ತಿದ್ದೆ. ಒಂದು ಸಂಚಿಕೆಯಲ್ಲಿ, ಅವರ ದೇಶದಲ್ಲಿ ಅಣ್ಣತಮ್ಮಂದಿರೇ ಎರಡು ಪಂಗಡವಾಗಿ ಹೊಡೆದಾಡಿದ ಯುದ್ಧದ ಕಥೆ. ಅದರ ನಡುವಿನ ಎರಡು ಪುಟ ಪೂರಾ ಕೋವಿಗಳು! ಹೆಚ್ಚುಕಡಿಮೆ ನನ್ನಷ್ಟೇ ಉದ್ದದವು, ನಳಿಗೆಗೆ ಮೂರು ಪಟ್ಟಿ; ಬಡಿದು ಗುಂಡು ಸಿಡಿಸುವ ಕೊಕ್ಕೆಗೆ ಕುದುರೆ ಎನ್ನುತ್ತಾರೆ, ಅದರ ಬುಡದಲ್ಲಿ ಒಂದು ಕಬ್ಬಿಣದ ತಗಡು. ಆ ತಗಡಿನ ಮೇಲೆ, ಹೆಬ್ಬೆರಳಿನ ಉಗುರಿನಷ್ಟಕ್ಕೆ, ರೆಕ್ಕೆ ಬಿಚ್ಚಿದ ಒಂದು ಗರುಡ. ಯುದ್ಧ ಮುಗಿದ ಮೇಲೆ ಮಿಕ್ಕ ಕೋವಿಗಳನ್ನು ಹಡಗಿಗೆ ಹೇರಿ ಲೋಕವೆಲ್ಲ ಮಾರಿದರಂತೆ. ಈಗ ಅವನ್ನು ಹುಡುಕಿ ಹುಡುಕಿ ಕೂಡಿಡುವ ದೊಡ್ಡ ಮನುಷ್ಯರು ಅಲ್ಲಿ ಇದ್ದಾರಂತೆ. ಗರುಡ ನಿಚ್ಚಳವಾಗಿ ಕಂಡರೆ ಆ ಕೋವಿಗೆ ಪೀಠ, ಪೆಟ್ಟಿಗೆ, ಗಾಜಿನ ಮುಚ್ಚಳ. ಗರುಡ ಇಲ್ಲದಿದ್ದರೆ ಅದು ಬರೀ ಕಬ್ಬಿಣ.

ಆ ಗರುಡ ನನ್ನ ಮನಸ್ಸಿನಲ್ಲಿ ಕೂತಿತು. ಏಕೆಂದು ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ದಿನವಿಡೀ ಬೇರೆಯವರ ಟಿಕೇಟು ಹರಿಯುವವನಿಗೆ, ಅಷ್ಟು ದೂರದಿಂದ ಸಮುದ್ರ ದಾಟಿ ಬಂದದ್ದು ಏನಾದರೊಂದು ಮನೆಯಲ್ಲಿ ಇರಲಿ ಅನ್ನಿಸುತ್ತದೆ. ಅಷ್ಟೇ ಇರಬೇಕು.

ನನ್ನ ಹೆಂಡತಿ ಪದ್ಮಾವತಿಗೆ ಚಿತ್ರ ತೋರಿಸಿದೆ.

"ಹ್ವಾಯ್, ಎಂತ ಆಯ್ತ್ ನಿಮ್ಗೆ? ಬೇರೆ ಗಂಡಸ್ರಿಗೆ ಉಂಗ್ರದ ಆಸಿ ಇರತ್ತ್, ಗಡಿಯಾರದ ಆಸಿ ಇರತ್ತ್. ನಿಮ್ಗೆ ಕೋವಿಯಾ?"

"ಕೋವಿ ಅಲ್ದೇ ಮಾರಾಯ್ತಿ, ಅದ್ರ್ ಮೇಲೆ ಇಪ್ಪ ಗರುಡ."

"ಗರುಡ ಬೇಕಾರೆ ದೇವಸ್ಥಾನಕ್ಕೆ ಹೋಯ್ನಿ. ಅಮೇರಿಕದಿಂದ ಬಪ್ಪ ಗೋಧಿಯಗೇ ಇಷ್ಟ್ ಹುಳ ಇರತ್ತ್, ಇನ್ ಕೋವಿಯಗೆ ಎಂತ ಇರತ್ತೋ!"

ಹೀಗೆ ನಾನು ಅಮೇರಿಕದ ಕೋವಿಗಳ ಸಂಗ್ರಾಹಕನಾದೆ. ಸಂಗ್ರಹದಲ್ಲಿ ಕೋವಿ ಒಂದೂ ಇರಲಿಲ್ಲ ಎಂಬ ಒಂದು ಸಣ್ಣ ಕೊರತೆ ಬಿಟ್ಟರೆ ಮತ್ತೆಲ್ಲ ಸರಿಯಾಗಿತ್ತು.

ಮೊದಲ ಅವಕಾಶ ಸಿಕ್ಕಿದ್ದು ಮರವಂತೆಯಲ್ಲಿ, ಪದ್ಮಾವತಿಯ ತವರಿನಲ್ಲಿ. ಅಂಗಳದ ಮೂಲೆಯಲ್ಲಿ ಅವಳ ಅಣ್ಣ ತೆಂಗಿನಕಾಯಿ ಸುಲಿಯುತ್ತಿದ್ದ. ನೆಲದಲ್ಲಿ ಹುಗಿದ ಗೂಟದ ತುದಿಗೆ ಒಂದು ಕಬ್ಬಿಣದ ಮೊನೆ. ಅದಕ್ಕೆ ಕಾಯಿ ಕುಕ್ಕಿ ತಿರುಚಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಆದರೆ ಆ ಮೊನೆಗೆ ಮೂರು ಮುಖ! ಬುಡದಲ್ಲಿ ಕೊಳವೆಯಂಥ ಕುತ್ತಿಗೆ! ಪತ್ರಿಕೆಯಲ್ಲಿ ನೋಡಿದ್ದೆನಲ್ಲ, ಕೋವಿಯ ಬಾಯಿಗೆ ಸಿಕ್ಕಿಸುವ ಬಾಯ್ನೆಟ್ಟು, ಅದೇ!

"ಭಾವ, ಇದ್ ಎಲ್ಲಿ ಸಿಕ್ಕಿದ್ದ್?"

"ಯಾರಿಗ್ ಗೊತ್ತಿತ್? ಅಜ್ಜನ ಕಾಲದ್ದ್. ಎಂತಕೆ, ನಿಮ್ಗೂ ಕಾಯಿ ಸುಲಿಯುಕಿತ್ತಾ?"

ಇಲ್ಲಿ ಬುದ್ಧಿವಂತನಾದವನು "ಹೌದು, ಒಂದು ರಾಶಿ ಕಾಯಿ ಇದೆ, ಇದನ್ನು ಎರವಲು ಕೊಡಿ" ಎನ್ನುತ್ತಿದ್ದ. ನಾನು ಉಪನ್ಯಾಸ ಕೊಟ್ಟೆ. ಅಮೇರಿಕದ ಯುದ್ಧ, ಅದರ ಕಾರಣಗಳು, ಅದರ ಪರಿಣಾಮಗಳು, ಈ ಮೊನೆಯ ಎದುರು ನಿಂತ ವೀರರ ಗತಿ! ಭಾವ ಕಾಯಿ ಕೆಳಗಿಟ್ಟು, ಬಾಯಿ ತೆರೆದು ಕೇಳಿದ. ಕೊನೆಗೆ ಮೊನೆಯನ್ನು ಪಂಚೆಯ ತುದಿಯಿಂದ ಮೆಲ್ಲಗೆ ಒರಸಿದ.

"ಹೊಸ್ತೊಂದ್ ಮಾಡ್ಸಿ ಇದನ್ನ್ ಗುಜರಿಗೆ ಹಾಕ್ವ ಅಂದೇಳಿ ಇದ್ದಿದ್ದೆ. ನೀವ್ ಹೇಳದ್ದ್ ಒಳ್ಳೇದಾಯ್ತ್ ಭಾವ. ಇನ್ ಯಾರಿಗೂ ಕೊಡುದಿಲ್ಲೆ!"

"ನಂಗೆ..."

"ನಿಮ್ಗೂ ಇಲ್ಲೆ."

ಆ ವರ್ಷದ ಆಯುಧಪೂಜೆಗೆ ಅದಕ್ಕೆ ಅರಸಿನ ಕುಂಕುಮವಾಯಿತು, ಒಂದು ಮೊಳ ಮಲ್ಲಿಗೆಯೂ ಬಿತ್ತು. ನಾನು ನಮಸ್ಕಾರ ಮಾಡಿ, ಪ್ರಸಾದ ತೆಗೆದುಕೊಂಡು, ಬರಿಗೈಯಲ್ಲಿ ಮನೆಗೆ ಬಂದೆ. ಬರುವಾಗ ದಾರಿಯಲ್ಲಿ ಒಂದು ಮಹತ್ವದ ಠರಾವು ಮಾಡಿದೆ. ಅದೇನೆಂದರೆ: ಇನ್ನು ಮುಂದೆ ಬೇಕಾದ ವಸ್ತುವನ್ನು ಅದರ ಯಜಮಾನರ ಎದುರು ಹೊಗಳತಕ್ಕದ್ದಲ್ಲ, ಹೊಗಳುವುದು ಹಾಗಿರಲಿ, ಅದರ ಸುದ್ದಿಯನ್ನೇ ಎತ್ತತಕ್ಕದ್ದಲ್ಲ. ಠರಾವು ಸರ್ವಾನುಮತದಿಂದ ಪಾಸಾಯಿತು. ನನ್ನ ಸರ್ವನಾಶಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ.

ಬೈಂದೂರಿನಿಂದ ಸ್ವಲ್ಪ ಒಳಗೆ ಮಹಾಬಲ ಶೆಟ್ಟರೆಂಬ ದೊಡ್ಡ ಸಾಗುವಳಿಯವರು ಇದ್ದರು. ಗದ್ದೆಗಳಷ್ಟೇ ವ್ಯಾಜ್ಯಗಳೂ ಇದ್ದುದರಿಂದ ಕುಂದಾಪುರದ ಕೋರ್ಟಿಗೆ ಸದಾ ಬರುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕೊಡೆ ಮರೆತರು. ಆ ಕೊಡೆ ಕಳೆದುಹೋದರೆ ಕಂಪೆನಿಯ ಗತಿಯೇನು, ನನ್ನ ಗತಿಯೇನು ಎಂದು ನಿದ್ದೆಗೆಟ್ಟು, ಮುಂದಿನ ರಜೆಯ ದಿನ ನಾನೇ ಅದನ್ನು ಮುಟ್ಟಿಸಲು ಹೋದೆ. ಶೆಟ್ಟರು ಚಾವಡಿಯಲ್ಲಿ ಕೂರಿಸಿ, ಬೆಲ್ಲ ನೀರು ತರಿಸಲು ಒಳಗೆ ಹೋದರು. ನಾನು ತಲೆ ಎತ್ತಿದೆ.

ಗೋಡೆಯ ಮೇಲೆ, ಜಿಂಕೆಯ ಕೊಂಬಿನ ಪಕ್ಕದಲ್ಲಿ, ಹೊಗೆ ಕುಡಿದು ಕಪ್ಪಾದ ಒಂದು ಉದ್ದನೆಯ ಕೋವಿ. ಮೂರು ಪಟ್ಟಿ!

ಎದ್ದೆ. ಬೆರಳಿಗೆ ಎಂಜಲು ಹಚ್ಚಿ, ಕುದುರೆಯ ಬುಡದ ತಗಡನ್ನು ಉಜ್ಜಿದೆ. ಮಸಿಯೊಳಗಿನಿಂದ ಒಂದು ರೆಕ್ಕೆ ಎದ್ದು ಬಂತು. ಒಂದೊಂದು ಗರಿಯೂ ಲೆಕ್ಕಕ್ಕೆ ಸಿಗುವ ಹಾಗಿತ್ತು. ಇನ್ನೂ ಸ್ವಲ್ಪ ಉಜ್ಜಿದೆ. ಕೊಕ್ಕು ಬಂತು, ಕಣ್ಣು ಬಂತು. ಅಮೇರಿಕದಿಂದ ಹೊರಟು ಯಾವ ಯಾವ ಸಮುದ್ರ ಸುತ್ತಿ, ಗಂಗೊಳ್ಳಿ ಬಂದರಿನಲ್ಲಿ ಇಳಿದು, ಇಷ್ಟು ವರ್ಷ ಬೈಂದೂರಿನ ಒಲೆಯ ಹೊಗೆ ಕುಡಿಯುತ್ತ ನನಗಾಗಿಯೇ ಕಾದು ಕೂತ ಹಾಗೆ ನನ್ನನ್ನೇ ನೋಡಿತು.

ಒಳಗಿನಿಂದ ಹೆಜ್ಜೆ ಸದ್ದು! ಶೆಟ್ಟರು ಗರುಡನನ್ನು ಕಂಡರೆ ಮುಗಿಯಿತು, ಭಾವನ ಬಾಯ್ನೆಟ್ಟಿಗೆ ಬಿದ್ದಂತೆ ಇದಕ್ಕೂ ಮಲ್ಲಿಗೆ ಹೂವು ಬಿದ್ದ ಹಾಗೆಯೇ. ಗೋಡೆಯ ಮಸಿಯನ್ನು ಬೆರಳಿಗೆ ಬಳಿದುಕೊಂಡು, ರೆಕ್ಕೆಯ ಮೇಲೆ, ಕೊಕ್ಕಿನ ಮೇಲೆ, ಕಣ್ಣಿನ ಮೇಲೆ ನಾನೇ ಪುನಃ ಹಚ್ಚಿದೆ.

"ಎಂತ ಕಾಂತಿದ್ರಿ ಐತಾಳ್ರೆ?"

"ಎಂತ ಇಲ್ಲೆ. ಜೇಡರ ಬಲೆ."

ಆಮೇಲೆ ಶೆಟ್ಟರ ಮನೆಗೆ ಹೋಗಲು ನನಗೆ ಕಾರಣಗಳು ತಾವಾಗಿ ಹುಟ್ಟತೊಡಗಿದವು. ಬಸ್ಸಿನ ವೇಳೆ ಬದಲಾಗಿದೆ ಎಂದು ತಿಳಿಸಲು ಹೋದೆ. ಬದಲಾಗಿಲ್ಲ ಎಂದು ತಿಳಿಸಲೂ ಹೋದೆ. ಮಳೆ, ಬೆಳೆ, ವ್ಯಾಜ್ಯ, ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಅವರ ಮಕ್ಕಳು, ಎಲ್ಲದರ ಬಗ್ಗೆಯೂ ಮಾತಾಡಿದೆ. ಕೋವಿಯ ಹೆಸರು ಮಾತ್ರ ಎತ್ತಲಿಲ್ಲ. ಹಿಂತಿರುಗಿ ಬರುವಾಗ ಪ್ರತಿ ಸಲವೂ, ಏನೋ ಅಲ್ಲಿಯೇ ಬಿಟ್ಟು ಬಂದ ಹಾಗೆ, ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ಶೆಟ್ಟರೇ ಕೇಳಿದರು. "ಐತಾಳ್ರೆ, ನೀವ್ ನಮ್ಮನಿಗ್ ಬಂದ್ರೆ ನನ್ನ್ ಮುಖ ಕಾಂತಿಲ್ರಿ, ಗೋಡಿ ಕಾಂತ್ರಿ. ಎಂತ ಸಂಗತಿ?"

"ಆ ಕೋವಿ... ಸುಮ್ನೆ. ಹಳಿ ಕಬ್ಬಿಣ ಅಂದ್ರೆ ನಂಗೊಂದ್ ಪ್ರೀತಿ."

"ಬೇಕಾ?"

ಅಷ್ಟೇ! ಇಷ್ಟು ದಿನ ನಾನು ಬಾಯಿಗೆ ಬೀಗ ಹಾಕಿ ಕಾದದ್ದು ಈ ಎರಡಕ್ಷರಕ್ಕೆ!

"ಮಕ್ಕಳ್ ಯಾರೂ ಇತ್ಲಾಗ್ ಬಪ್ಪುದಿಲ್ಲೆ. ಇಲೆಕ್ಷನ್ ಬಂತ್ ಅಂದ್ರೆ ಇದನ್ನ್ ಹೊತ್ಕಂಡ್ ಹೋಯಿ ಠಾಣೆಗೆ ಒಪ್ಸ್ಕ್, ಮುಗ್ದ್ ಮೇಲೆ ಪುನಾ ಹೋಯಿ ತರ್ಕ್. ನಂಗ್ ಸಾಕಾಯ್ತ್. ನೀವ್ ತಕಂಡ್ ಹೋಯ್ನಿ ಮಾರಾಯ್ರೆ. ಕೋರ್ಟಿಗ್ ಹೋಪ ದಿನ ನಂಗೆ ಬಸ್ಸಿನಗೆ ಮುಂದಿನ್ ಸೀಟ್ ಹಿಡ್ದಿಡಿ, ಸಾಕ್."

ಉಳಿದದ್ದು ಲೈಸೆನ್ಸು. ಕಚೇರಿಯ ಸಾಹೇಬರು ಘಟ್ಟದ ಮೇಲಿನವರು, ಮುಖ ಗಂಟು ಹಾಕಿಕೊಂಡೇ ಇರುವವರು.

"ಕೋವಿ ಯಾಕೆ ಬೇಕು?"

"ಬೆಳೆ ರಕ್ಷಣೆಗೆ, ಸರ್." ಬ್ರಹ್ಮಾವರದ ಹತ್ತಿರ ನನ್ನ ಪಾಲಿಗೆ ಬಂದ ಒಂದು ಅಂಗೈ ಅಗಲದ ಗದ್ದೆಯಿದೆ, ಅದನ್ನು ನೆನೆದು ಹೇಳಿದೆ.

"ಯಾವ ಪ್ರಾಣಿಯ ಕಾಟ?"

ಬ್ರಹ್ಮಾವರದಲ್ಲಿ ಯಾವ ಪ್ರಾಣಿ? "ಮಂಗ, ಸರ್."

"ಐತಾಳರು ಅಂತೀರಿ, ಮಂಗನಿಗೆ ಗುಂಡು ಹೊಡೀತೀರಾ?"

"ಇಲ್ಲ ಸರ್, ತೋರಿಸುತ್ತೇನೆ."

ಸಾಹೇಬರ ಮುಖದ ಗಂಟು ಸಡಿಲವಾಯಿತು. ಅವರು ನಕ್ಕದ್ದನ್ನು ತಾನು ಅದೇ ಮೊದಲು ನೋಡಿದ್ದೆಂದು ಗುಮಾಸ್ತ ಆಮೇಲೆ ಹೇಳಿದ. ನನ್ನಂಥವನ ಕೈಯಲ್ಲಿ ಕೋವಿ ಇದ್ದರೆ ಸರಕಾರಕ್ಕಾಗಲಿ ಸಾರ್ವಜನಿಕರಿಗಾಗಲಿ ಮಂಗನಿಗಾಗಲಿ ಅಪಾಯವಿಲ್ಲವೆಂದು ಅವರಿಗೆ ಖಾತ್ರಿಯಾಗಿರಬೇಕು. ಆದರೂ ಕಾಗದಪತ್ರಗಳು ತಿರುಗಿ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು.

ಆ ಮಳೆಗಾಲದಲ್ಲಿ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಬೇಕು. ಕೋವಿ ಅಲ್ಲಿ, ನಾನು ಇಲ್ಲಿ. ನಡುವೆ ನನ್ನ ಚಿಂತೆ. ನಮ್ಮ ಕಡೆ ಸುದ್ದಿ ಹೋಗಿ ಬರುವುದು ಬಸ್ ಕಂಡಕ್ಟರುಗಳ ಬಾಯಲ್ಲಿ. ಹೆಣ್ಣು ನೋಡುವುದರಿಂದ ಹಿಡಿದು ಎಮ್ಮೆ ಕರು ಹಾಕಿದ್ದರ ತನಕ ಎಲ್ಲವೂ ಹಾಗೆಯೇ ಮುಟ್ಟುತ್ತದೆ. ಬೈಂದೂರು ಬಸ್ಸಿನ ಕಂಡಕ್ಟರ್ ನಾಣ ಒಂದಕ್ಷರ ಬಿಡದೆ ಒಪ್ಪಿಸುವವನು.

ಮೊದಲ ಮಳೆ ಬಿದ್ದಾಗ ನನಗೆ ಹೊಳೆಯಿತು: ನಳಿಗೆಯೊಳಗೆ ಯಾವುದೋ ಕಾಲದ ಮದ್ದು ಉಳಿದಿದ್ದರೆ? "ನಾಣ, ಶೆಟ್ರಿಗ್ ಹೇಳ್, ಒಳ್ಗೆ ಮದ್ದ್ ಇದ್ರೂ ಇರ್ಲಕ್ಕ್, ಜಾಗ್ರತೆ ಅಂದೇಳಿ."

ಮರುದಿನ ಉತ್ತರ: "ಶೆಟ್ರ್ ಬಂದೋಬಸ್ತ್ ಮಾಡದ್ರಂಬ್ರ್. ಹೆದರುದ್ ಬ್ಯಾಡ ಅಂದ್ರ್."

ಮಳೆ ಜೋರಾದಾಗ ಮರದ ಹಿಡಿಗೆ ಗೆದ್ದಲು ಹಿಡಿದರೆ ಎಂದು ಹೊಳೆಯಿತು. ಸುದ್ದಿ ಹೋಯಿತು. ಉತ್ತರ ಬಂತು: "ಅದಕ್ಕೂ ಮಾಡದ್ರಂಬ್ರ್."

ಮಳೆ ಮುಗಿಯುತ್ತ ಬಂದಾಗ ತುಕ್ಕಿನ ಯೋಚನೆ ಬಂತು. "ತುಕ್ಕ್ ಒಂದ್ ಚೂರೂ ಇಪ್ಪುಕಾಗ" ಎಂದು ಹೇಳಿ ಕಳಿಸಿದೆ. ಉತ್ತರ: "ಐತಾಳ್ರ್ ಸಮಾ ಹೊತ್ತಿಗ್ ನೆನ್ಪ್ ಮಾಡದ್ರ್ ಅಂದ್ರ್ ಶೆಟ್ರ್. ಒಂದ್ ಚೂರ್ ತುಕ್ಕ್ ಇಪ್ಪುಕ್ ಬಿಡುದಿಲ್ಲೆ ಅಂಬ್ರ್."

ಎಂಥ ಮನುಷ್ಯ! ನಾನು ನೆಮ್ಮದಿಯಿಂದ ಮಲಗಿದೆ. ಹುಟ್ಟಿದಾರಭ್ಯ ಬೇಡದ್ದನ್ನೆಲ್ಲ ಯೋಚಿಸಿದವನು, ಏನು ಬಂದೋಬಸ್ತು ಮಾಡಿದಿರಿ ಎಂದು ಕೇಳಬೇಕಾದ ಒಂದೇ ಒಂದು ಕಡೆ ನಿದ್ದೆ ಮಾಡಿದೆ!

ಲೈಸೆನ್ಸು ಕೈಗೆ ಬಂದ ವಾರವೇ ಬೈಂದೂರಿಗೆ ಹೊರಟೆ. ಶೆಟ್ಟರು ಮಡಿಕೆ ಮುರಿಯದ ಬಿಳಿ ಪಂಚೆ ಉಟ್ಟು ಕಾದಿದ್ದರು. ಕೋವಿ ಗೋಡೆಯ ಮೇಲೆ ಇರಲಿಲ್ಲ. ಹೊಸ ಚಾಪೆಯಲ್ಲಿ ಸುತ್ತಿ, ಹುರಿಹಗ್ಗದಿಂದ ಬಿಗಿದು, ಮೇಲೆ ಎಲೆ ಅಡಿಕೆ ಇಟ್ಟು, ಹೆಣ್ಣು ಒಪ್ಪಿಸುವ ಹಾಗೆ ಮಣೆಯ ಮೇಲೆ ಮಲಗಿಸಿದ್ದರು.

"ಕೂಕಣಿ ಐತಾಳ್ರೆ, ಬೊಂಡ ಕುಡೀನಿ." ಎಳನೀರು ಕೈಗೆ ಬಂತು. "ನಿಮ್ಮ್ ಮಾತ್ ಒಂದೂ ನಾನ್ ತೆಗ್ದ್ ಹಾಕ್ಲಿಲ್ಲೆ. ಒಳ್ಗೆ ಮದ್ದ್ ಇರ್ಲಕ್ಕ್ ಅಂದ್ರಿ. ಮದ್ದ್ ಸಾಯ್ಲಿ ಅಂದೇಳಿ ಕೆರೆಗ್ ಮುಳುಗ್ಸಿ ಇಟ್ಟೆ."

ಎಳನೀರನ್ನು ಕೆಳಗಿಟ್ಟೆ. "ಕೆರೆಗಾ! ಎಷ್ಟೊತ್ತ್?"

"ಹೊತ್ತಾ? ಮಳಿಗಾಲ ಪೂರಾ! ಅರ್ಧಕ್ಕೆ ಗೆದ್ದಲ್ ಅಂದ್ರಿ. ನೀರಿನಗೆ ಗೆದ್ದಲ್ ಬಪ್ಪುದಿಲ್ಲೆ, ಆದ್ರೂ ನೀವ್ ಹೇಳದ್ದಲೆ, ತೆಗ್ದ್ ಮೇಲೆ ದೋಣಿಗ್ ಹಚ್ಚು ಗೇರೆಣ್ಣಿ ಬಳ್ಸದೆ."

"ಶೆಟ್ರೆ, ನೀರಿನಗಿದ್ರೆ ತುಕ್ಕ್...?"

"ಹಿಡೀದೇ ಇರತ್ತಾ? ಇಟ್ಟಿಗಿ ಕಂಡಾಂಗ್ ಕೆಂಪ್ ಆಯ್ತ್! ಎಂತ ಮಾಡುದಪ್ಪ ಅಂದೇಳಿ ತಲಿ ಮೇಲೆ ಕೈ ಹೊತ್ಕಂಡ್ ಕೂತಿದ್ದೆ, ಅಷ್ಟೊತ್ತಿಗೆ ತುಕ್ಕ್ ಕಾಣಿ ಅಂದೇಳಿ ನಿಮ್ದೇ ಸುದ್ದಿ ಬಂತ್. ಕಬ್ಬಿಣದ ಆಚಾರಿನ್ ಕರ್ಸಿ, ಅರ ಹಾಕ್ಸಿ, ಹೊಯ್ಗಿ ಹಾಕಿ ಹುಣ್ಸಿಹುಳಿಯಗೆ ತಿಕ್ಸದೆ. ಈಗ ಮುಖ ಕಾಂತ್!"

ಅರ! ಕಬ್ಬಿಣವನ್ನು ಗೀಸಿ ತೆಗೆಯುವ ಅರ!

"ಎಲ್ಲಾ ಬದಿಗೂ ಹಾಕ್ಸದ್ರಾ?"

"ಮತ್ತೆಂತ! ನಿಮ್ಗ್ ಕೊಡುದ್ ನಾನ್ ಅರ್ಧಂಬರ್ಧ ಮಾಡ್ಸಿ ಕೊಡ್ತ್ನಾ?"

ಗರುಡ ಉಳಿದಿದೆಯೇ ಎಂದು ಕೇಳಲು ಬಾಯಿ ತೆರೆದೆ. ಆದರೆ ಕೇಳುವುದು ಹೇಗೆ? ಗರುಡನೊಬ್ಬ ಇದ್ದಾನೆಂದೇ ಅವರಿಗೆ ಗೊತ್ತಿಲ್ಲ; ಗೊತ್ತಾಗಬಾರದೆಂದು ಮಸಿ ಬಳಿದವನು ನಾನು. ಬಿಚ್ಚಿ ನೋಡೋಣವೆಂದರೆ, ಕೊಟ್ಟವರ ಎದುರಿಗೇ ಕಟ್ಟು ಬಿಚ್ಚಿ ಪರೀಕ್ಷೆ ಮಾಡುವುದು ನಮ್ಮ ಕಡೆ ಮರ್ಯಾದೆಯಲ್ಲ. ಶೆಟ್ಟರು ಮುಖವೆಲ್ಲ ಬಾಯಿ ಮಾಡಿಕೊಂಡು ನಗುತ್ತಿದ್ದಾರೆ. ಎರಡು ಕೈಯಲ್ಲೂ ಚಾಪೆಯ ಸುರುಳಿ ತೆಗೆದುಕೊಂಡು, "ಭಾರೀ ಉಪಕಾರ ಆಯ್ತ್" ಎಂದು ಹೊರಟೆ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತವನು ಒಬ್ಬ ಪೊಲೀಸಿನವನು! ಬೇರೆ ದಿನವಾದರೆ ನನ್ನ ಪ್ರಾಣ ಅಲ್ಲಿಯೇ ಹಾರುತ್ತಿತ್ತು. ಆ ದಿನ ಹೆದರಲು ಪುರುಸೊತ್ತಿರಲಿಲ್ಲ.

"ಎಂತ ಅದ್, ಚಾಪೆಯಗೆ?"

"ಕೋವಿ."

"ಲೈಸನ್ ಇತ್ತಾ?"

"ಇತ್ತ್."

"ಹಾಂಗಾರೆ ಸೈ." ಎಂದವನು ಚಾಪೆಯ ಸುರುಳಿಗೆ ತಲೆ ಆನಿಸಿ ಗೊರಕೆ ಹೊಡೆದ.

ಅವನ ತಲೆಯ ಅಡಿಯಲ್ಲಿ ನಾನು ಚಾಪೆಯೊಳಗೆ ಬೆರಳು ತೂರಿಸುತ್ತಿದ್ದೆ. ತಗಡು ಎಲ್ಲಿ? ಒಮ್ಮೆ ಏನೋ ಉಬ್ಬು ಸಿಕ್ಕಿತು; ರೆಕ್ಕೆ! ಅಲ್ಲ, ಹುರಿಹಗ್ಗದ ಗಂಟು. ಮತ್ತೊಮ್ಮೆ ಏನೋ ಚೂಪಾದದ್ದು, ಕೊಕ್ಕು! ಅಲ್ಲ, ಚಾಪೆಯ ಕಡ್ಡಿ, ಬೆರಳಿಗೆ ಚುಚ್ಚಿತು. ಎದುರು ಸೀಟಿನ ಹೆಂಗಸು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಒಳ್ಗೆ ಬೆಕ್ಕಿನ್ ಮರಿ ಇತ್ತಾ?" ಎಂದು ಕೇಳಿದಳು.

ಮರವಂತೆ ಬಂತು. ಒಂದು ಬದಿಗೆ ಹೊಳೆ, ಒಂದು ಬದಿಗೆ ಸಮುದ್ರ, ನಡುವಿನ ರಸ್ತೆಯಲ್ಲಿ ನಮ್ಮ ಬಸ್ಸು. ಸಂಜೆ ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಈ ನೀರಿನ ಮೇಲೆಯೇ ಅಲ್ಲವೇ ಅದು ಬಂದದ್ದು ಎಂದುಕೊಂಡೆ. ಎಷ್ಟು ಅಲೆ, ಎಷ್ಟು ಉಪ್ಪು, ಎಷ್ಟು ಊರು, ಎಷ್ಟು ಕೈ! ಅಷ್ಟನ್ನೆಲ್ಲ ತಾಳಿಕೊಂಡದ್ದು, ನನ್ನ ಜಾಗ್ರತೆಯೊಂದನ್ನು ತಾಳಿಕೊಳ್ಳದೇ? ದೇವರೇ, ಪೂರ್ತಿ ಗರುಡ ಉಳಿದಿರಲಿ ಎಂದು ಬೇಡಿಕೊಂಡೆ. ಮುಂದಿನ ತಿರುವಿನಲ್ಲಿ ಸ್ವಲ್ಪ ಇಳಿಸಿದೆ: ಒಂದು ರೆಕ್ಕೆ ಸಾಕು. ಕಡವಿನಲ್ಲಿ ಬಸ್ಸನ್ನು ಜೋಡುದೋಣಿಯ ಮೇಲೆ ದಾಟಿಸುತ್ತಾರೆ; ನಾವು ಇಳಿದು ಬೇರೆ ದೋಣಿ ಹತ್ತುವಾಗ, ರೆಕ್ಕೆ ಇಲ್ಲದಿದ್ದರೂ ಕೊಕ್ಕು ಇರಲಿ ಎಂದೆ. ದೋಣಿ ಓಲಾಡಿತು, ಯಾರೋ ಕಿರುಚಿದರು. ನಾನು ನೀರನ್ನೂ ನೋಡಲಿಲ್ಲ. ಆಚೆ ದಡದಲ್ಲಿ ಇಳಿಯುವಷ್ಟರಲ್ಲಿ ನನ್ನ ಬೇಡಿಕೆ ಒಂದು ಗರಿಗೆ ಬಂದು ಮುಟ್ಟಿತ್ತು. ಒಂದು ಗರಿ ಇದ್ದರೂ, ಉಳಿದ ಹಕ್ಕಿಯನ್ನು ನಾನು ನೆನಪಿನಿಂದ ತುಂಬಿಸಿಕೊಳ್ಳಬಲ್ಲೆ.

ಮನೆಗೆ ಬಂದವನು ಕಾಲು ಸಹ ತೊಳೆಯದೆ ಹಗ್ಗ ಬಿಚ್ಚಿದೆ. ಪದ್ಮಾವತಿ ದೀಪ ಹಿಡಿದಳು. ಚಾಪೆ ಉರುಳಿತು.

ಬೆಳ್ಳಿ! ಮದುವೆಗೆ ಬೆಳಗಿಟ್ಟ ಹೊಸ ಪಾತ್ರೆ! ದೀಪದ ಬೆಳಕು ನಳಿಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಓಡಿತು. ಮರದ ಹಿಡಿ ಗೇರೆಣ್ಣೆ ಕುಡಿದು ಮೀನುಗಾರರ ದೋಣಿಯ ಹಾಗೆ ಕಪ್ಪಗಿತ್ತು, ವಾಸನೆಯೂ ಅದೇ. ತಗಡನ್ನು ದೀಪಕ್ಕೆ ಹಿಡಿದು ಬಗ್ಗಿ ನೋಡಿದೆ. ಅಲ್ಲಿ ಒಂದು ಮುಖ ಕಂಡಿತು. ಬೋಳು ತಲೆ, ಕನ್ನಡಕ, ತೆರೆದ ಬಾಯಿ. ನನ್ನದು.

"ಅಬ್ಬ, ಎಷ್ಟ್ ಚಂದ ಇತ್ತ್!" ಎಂದಳು ಪದ್ಮಾವತಿ. ಆಮೇಲೆ ನನ್ನ ಮುಖ ನೋಡಿ, "ಗರುಡ ಎಲ್ಲಿ?" ಎಂದಳು.

ನಾನು ತಗಡನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ದೀಪವನ್ನು ಹತ್ತಿರ ತಂದು ತಾನೂ ಹುಡುಕಿದಳು. ಸೆರಗಿನಿಂದ ಒಮ್ಮೆ ಒರಸಿ ನೋಡಿದಳು. ದೀಪ ಕೆಳಗಿಟ್ಟು ಮೆತ್ತಗೆ ಹೇಳಿದಳು:

"ಹೋಯ್ಲಿ ಬಿಡಿ. ಇದ್ದಿದ್ರೂ ನೀವ್ ನೆಮ್ಮದಿಯಗ್ ಇರ್ತಿದ್ರಿಯಾ? ದಿನಾ ಬೆಳಗಾರೆ ಎದ್ದ್ ಅದ್ ಇತ್ತಾ ಇಲ್ಯಾ ಅಂದೇಳಿ ಕಾಂತಿದ್ರಿ."

ಹೌದು, ನೋಡುತ್ತಿದ್ದೆ. ಅದಕ್ಕೇ ಅಲ್ಲವೇ ಬೇಕಾಗಿದ್ದದ್ದು.

ಮರುದಿನ ಭಾವ ಕೋವಿ ನೋಡಲೆಂದೇ ಮರವಂತೆಯಿಂದ ಬಂದ. ಎತ್ತಿ, ಕಣ್ಣಿಗೆ ಹಿಡಿದು, ಬೆರಳಿನಿಂದ ಟಿಣ್ ಎನ್ನಿಸಿ, ಪೂರ್ತಿ ಮೆಚ್ಚಿದ. "ಲಾಯ್ಕ್ ಮಾಡಿದ್ರ್ ಭಾವ. ನಮ್ಮ್ ಬದಿಯ ಆಚಾರಿ ಮಾಡದ್ದಲ್ದಾ?"

"ಅಮೇರಿಕದ್ದ್" ಎಂದೆ.

ಭಾವ ಒಳ್ಳೆಯವನು. ನಗಲಿಲ್ಲ. ಕಾಫಿ ಕುಡಿದು ಮರವಂತೆಗೆ ಹೋಗಿ ಅಲ್ಲಿ ನಕ್ಕನಂತೆ.

ಅದರ ಮಾರನೆಯ ಬೆಳಿಗ್ಗೆ ನಾನು ಕಿಟಕಿಯ ಹಿಂದೆ ಕೂತು ಟಿಕೇಟು ಹರಿಯುತ್ತಿದ್ದಾಗ, ಬೈಂದೂರಿನ ಮೊದಲ ಬಸ್ಸಿನಿಂದ ನಾಣ ಇಳಿದು ನೇರ ನನ್ನ ಹತ್ತಿರ ಬಂದ.

"ಐತಾಳ್ರೆ, ಕೋವಿ ಹ್ಯಾಂಗಿತ್ ಅಂದೇಳಿ ಶೆಟ್ರ್ ಕೇಣ್ತಿದ್ರ್. ಮತ್ತೊಂದ್ ಮಾತ್. ನಿಮ್ಮೆದ್ರಿಗ್ ಹೇಳುಕ್ ಮರ್ತೇ ಹೋಯ್ತಂಬ್ರ್. ಕುದ್ರಿ ಬುಡದಗೆ ಹಕ್ಕಿ ಕಂಡಾಂಗೆ ಒಂದ್ ಕಲೆ ಇತ್ತಂಬ್ರ್. ತಿಕ್ಕಿದ್ದಕ್ ಹೋಯ್ಲಿಲ್ಲೆ ಅಂಬ್ರ್. ಆಚಾರಿ, ಇರ್ಲಿ ಒಡೆಯಾ, ಚಂದ ಇತ್ತ್ ಅಂದ್ನಂಬ್ರ್. ಶೆಟ್ರ್ ಒಪ್ಲಿಲ್ಲೆ. ಐತಾಳ್ರ್ ಅಷ್ಟ್ ಸಲ ಹೇಳಿ ಕಳ್ಸಿದ್ರ್, ಅವ್ರಿಗ್ ಕೊಡುದ್ರಗೆ ಒಂದ್ ಕಲೆ ಇಪ್ಪುಕಾಗ ಅಂದೇಳಿ, ಎದ್ರಿಗೇ ಕೂತ್ಕಂಡ್ ತೆಗ್ಸದ್ರಂಬ್ರ್. ಇನ್ನೂ ಎಲ್ಲಿಯಾರೂ ಸ್ವಲ್ಪ ಉಳ್ದಿತ್ತಾ ಅಂದೇಳಿ ಕೇಂಡ್ಕಂಡ್ ಬಾ ಅಂದ್ರ್. ಉಳ್ದಿದ್ರೆ ಆಚಾರಿನ ನಿಮ್ಮನಿಗೇ ಕಳ್ಸ್ತ್ರಂಬ್ರ್."

ಬಸ್ಸು ಹಾರ್ನು ಹೊಡೆಯಿತು. ನಾಣ ಒಂದು ಕಾಲು ಆಚೆ ಇಟ್ಟು ಕಾಯುತ್ತಿದ್ದ.

"ಭಾರೀ ಚೊಕ್ಕ ಕೆಲ್ಸ ಆಯಿತ್ ಅಂದೇಳಿ ಹೇಳ್ ನಾಣ" ಎಂದೆ. "ಕನ್ನಡಕ ಹಾಕಿ ಕಂಡೆ, ಕನ್ನಡಕ ತೆಗ್ದೂ ಕಂಡೆ. ಬಿಸ್ಲಿಗ್ ಹಿಡ್ದ್ ಕಂಡೆ, ಓರೆ ಮಾಡಿಯೂ ಕಂಡೆ. ಒಂದ್ ಚೂರೂ ಉಳೀಲಿಲ್ಲೆ ಅಂದೇಳಿ ಹೇಳ್."